ಎಡಗಡೆ ಗಾಜಿನ ಮೇಲಿನ ಮೂರು ಕಣ್ಣು

ಸ್ವಲ್ಪ ತಾಳಿ, ಇಷ್ಟಕ್ಕೇ ಎದ್ದು ಹೋಗಬೇಡಿ. ಹಳೆಯ ಕಾರಿನ ಹೀಟರ್ ವಾಲ್ವ್ ಬದಲಿಸುವ ಕೆಲಸ ಕೊನೆಗೆ ಎಲ್ಲಿಗೆ ಹೋಗಿ ನಿಂತಿತು ಎಂಬುದನ್ನು ನೀವು ಕೇಳಲೇಬೇಕು. ಆದರೆ ಮೊದಲು ಒಂದು ಬೆರಳನ್ನು ನೋಡಿ. ನಮ್ಮ ಮೇಸ್ತ್ರಿಯವರ ಬಲಗೈ ತೋರುಬೆರಳು. ಯಾವುದೋ ಕಾಲದಲ್ಲಿ ಜಾಕ್ ಜಾರಿ ತುದಿ ಜಜ್ಜಿಹೋಗಿ, ಉಗುರು ಮತ್ತೆ ಬರಲೇ ಇಲ್ಲ. ತುದಿ ಚಮಚದ ಹಾಗೆ ಚಪ್ಪಟೆ. ಗ್ರೀಸ್ ಹತ್ತಿದ ಆ ಬೆರಳು ಬಾನೆಟ್ ಮೇಲೆ ಬಿಟ್ಟ ಗುರುತನ್ನು ನೂರು ಗುರುತುಗಳ ನಡುವೆಯೂ ಹೆಕ್ಕಬಹುದಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಿಪಟೂರಿನಲ್ಲಿ ನಾನು ಬಿ.ಕಾಂ. ಓದುತ್ತಿದ್ದಾಗ ಬಸ್ಸಿಗೆ ಕಾಯುವ ಜಾಗದ ಎದುರಿಗೇ ಅವರ ಶೆಡ್ಡು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಾರ್ಬುರೇಟರ್ ಬಿಚ್ಚುವುದನ್ನು ಕಲಿತಿದ್ದೆ. ಬಿಚ್ಚುವುದಕ್ಕೆ ಕಾರು ಇರಲಿಲ್ಲ. ಒಂದು ದಿನ ಧೈರ್ಯ ಮಾಡಿ ಒಳಗೆ ಹೋಗಿ, ಕೆಲಸ ಕಲಿಸುತ್ತೀರಾ ಎಂದು ಕೇಳಿದೆ. ಅವರು ನನ್ನ ಚೂಡಿದಾರವನ್ನೂ ಕಾಲೇಜ್ ಬ್ಯಾಗನ್ನೂ ನೋಡಿ, "ಆ ವೇಲ್ ತೆಗ್ದು ಮೊಳೆಗೆ ನೇತಾಕವ್ವ. ಫ್ಯಾನ್ ಬೆಲ್ಟಿಗೆ ಅದು ಅಂದ್ರೆ ಬಲು ಆಸೆ" ಎಂದರು. ಸಂದರ್ಶನ ಅಷ್ಟೇ.

ಅವರು ಹುಟ್ಟಿದ್ದು ಕೊಬ್ಬರಿ ಮಾಡುವ ಮನೆಯಲ್ಲಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರು ಪೂರ್ತಿ ಆರಿದ ಮೇಲೆ ಸುಲಿಯುತ್ತಾರೆ. ಆರಿದೆಯೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮೇಸ್ತ್ರಿಯವರು ಪೆಟ್ರೋಲ್ ಪಂಪು, ಡೈನಮೊ, ಏನೇ ಬಿಚ್ಚಿದರೂ ಹಾಗೆಯೇ ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದರು. ನಾನು ಅವಸರ ಮಾಡಿದಾಗಲೆಲ್ಲ "ನೀರು ಆರ್ಲಿ ಬುಡವ್ವ" ಎನ್ನುವರು.

ಶೆಡ್ಡಿನ ಹಿಂದೆ ಒಂದು ದುಂಡು ಮೂಗಿನ ವಿಲಾಯಿತಿ ಕಾರಿತ್ತು. ಮಾಯಸಂದ್ರದ ಕಡೆಯ ತೋಟದ ಯಜಮಾನರೊಬ್ಬರು ರಿಪೇರಿಗೆ ಬಿಟ್ಟು ಹೋದವರು ವಾಪಸ್ಸು ಬರಲೇ ಇಲ್ಲವಂತೆ. ಚಳಿದೇಶದ ಗಾಡಿ, ಆದ್ದರಿಂದ ಅದಕ್ಕೆ ಹೀಟರ್. ಇಂಜಿನ್ನಿನ ಬಿಸಿನೀರು ಒಂದು ಹಿತ್ತಾಳೆ ನಲ್ಲಿಯ ಮೂಲಕ ಡ್ಯಾಶ್‌ಬೋರ್ಡಿನ ಕೆಳಗಿರುವ ಪೆಟ್ಟಿಗೆಗೆ ಬರುತ್ತದೆ. ಆ ನಲ್ಲಿಯೇ ಹೀಟರ್ ವಾಲ್ವ್. ಅದರೊಳಗಿನ ರಬ್ಬರ್ ಹರಿದು, ನಲ್ಲಿ ಮುಚ್ಚುತ್ತಲೂ ಇರಲಿಲ್ಲ, ಸೋರುವುದು ನಿಲ್ಲುತ್ತಲೂ ಇರಲಿಲ್ಲ. ಗಾಡಿ ಕಾದರೆ ಒಳಗೆಲ್ಲ ಹಬೆ, ನೀರಿಗೆ ಬೆರೆಸಿದ ಕೂಲೆಂಟಿನ ಬೆಲ್ಲ ಕಾಯಿಸಿದಂಥ ಸಿಹಿ ವಾಸನೆ. ಇಂಥದ್ದು ಬಂದರೆ ನಮ್ಮೂರಿನ ಯಾವ ಮೆಕ್ಯಾನಿಕ್ಕಾದರೂ ಎರಡು ಪೈಪನ್ನು ಒಂದಕ್ಕೊಂದು ಜೋಡಿಸಿ ಹೀಟರನ್ನೇ ಬಂದ್ ಮಾಡಿಬಿಡುತ್ತಾನೆ. ನಮ್ಮ ಸೆಕೆಗೆ ಅದು ಯಾರಿಗೆ ಬೇಕು. ಬೇರೆಯವರ ಗಾಡಿಗೆ ಮೇಸ್ತ್ರಿಯವರೂ ಹಾಗೇ ಮಾಡುತ್ತಿದ್ದರು. ಈ ಗಾಡಿಯ ವಾಲ್ವನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಭಾನುವಾರ ಬೆಳಗಿನ ಜಾವ ಅದನ್ನು ಮಾಯಸಂದ್ರದವರೆಗೆ ಓಡಿಸಿಕೊಂಡು ಬರುವುದು ಅವರ ವಾಡಿಕೆ. ಹೊರಡುವ ಮುನ್ನ ಎಡಗಡೆ ಬಾಗಿಲು ತೆರೆದು, ಒಬ್ಬರು ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿ ಕೂರುವಷ್ಟು ಹೊತ್ತು ನಿಂತು, ಮೆಲ್ಲಗೆ ಮುಚ್ಚುತ್ತಿದ್ದರು. ಆಮೇಲೆ ಬಲಗಡೆಗೆ ಬಂದು ತಾವು ಹತ್ತುವರು. ನಾನು ಹಿಂದಿನ ಸೀಟು. ಮೊದಲ ದಿನ ಮುಂದೆ ಕೂರಲು ಹೋದಾಗ, "ಅಲ್ ಬ್ಯಾಡ ಕಣವ್ವ, ವದ್ದೆ ಐತೆ" ಎಂದರು. ಮುಟ್ಟಿ ನೋಡಿದೆ. ಸೀಟು ಒದ್ದೆ ಇರಲಿಲ್ಲ, ಬೆಚ್ಚಗಿತ್ತು. ಇಂಜಿನ್ ಇನ್ನೂ ಶುರು ಮಾಡಿರಲಿಲ್ಲ.

ತುರುವೇಕೆರೆ ಹತ್ತಿರವಾಗುವಷ್ಟರಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕಟ್ಟುತ್ತಿತ್ತು. ಮೇಸ್ತ್ರಿಯವರು ತಮ್ಮ ಎದುರಿನ ಅರ್ಧವನ್ನಷ್ಟೇ ಒರೆಸಿಕೊಳ್ಳುವರು. ಎಡಭಾಗದ ಮಂಜಿನಲ್ಲಿ ನಿಧಾನವಾಗಿ ತೆಳು ಗೆರೆ ಮೂಡುತ್ತಿತ್ತು: ಒಂದು ಚಿಕ್ಕ ಗುಂಡು, ಒಳಗೆ ಮೂರು ಚುಕ್ಕೆ. ತೆಂಗಿನಕಾಯಿಯ ಮೂರು ಕಣ್ಣು. ಅವರು ಗಾಡಿಯ ವೇಗ ಇಳಿಸಿ ಅದನ್ನೇ ನೋಡುತ್ತ, ಯಾರದೋ ಮಾತಿಗೆ ಹೂಂಗುಟ್ಟುವ ಹಾಗೆ ತಲೆಯಾಡಿಸುತ್ತಿದ್ದರು.

ಆಗ ನನಗೆ ತಿಳಿದಿರಲಿಲ್ಲ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಅದು ಅವರ ಮನೆಯ ಕೊಬ್ಬರಿ ಚೀಲದ ಗುರುತು. ಮಾರುಕಟ್ಟೆಯಲ್ಲಿ ಚೀಲ ಅದಲುಬದಲಾಗದಿರಲೆಂದು ಬರೆಯುತ್ತಿದ್ದುದು. ಓದುಬರಹ ಬಾರದ ಅವರ ಹೆಂಡತಿಗೆ ಬರೆಯಲು ಬರುತ್ತಿದ್ದುದು ಅದೊಂದೇ. ಗಾಜಿನ ಮೇಲೆ ಬರೆದವರೂ ಆಕೆಯೇ. ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆಕೆಯ ಕೈಯದೆಂದು ಮೇಸ್ತ್ರಿಯವರ ಹತ್ತಿರ ಉಳಿದಿದ್ದ ಬರಹ ಅದಿಷ್ಟು, ಅದೂ ವಾಲ್ವ್ ಕೆಟ್ಟಿದ್ದರೆ ಮಾತ್ರ ಕಾಣುವಂಥದ್ದು.

ಇದೊಂದೂ ತಿಳಿಯದ ನಾನು, ಅವರಿಗೆ ಖುಷಿಯಾಗಲಿ ಎಂದು, ಆ ಕಾರಿಗೆ ಹೊಂದುವ ವಾಲ್ವನ್ನು ಎರಡು ತಿಂಗಳು ಹುಡುಕಿ ತರಿಸಿದೆ. ಅವರು ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಕಂದಿಕೆರೆಗೆ ಹೋದ ದಿನವೇ ಕೆಲಸಕ್ಕೆ ಕೈ ಹಾಕಿದೆ. ರೇಡಿಯೇಟರ್ ನೀರು ಇಳಿಸಿ, ಪೈಪಿನ ಕ್ಲಿಪ್ ಸಡಿಲ ಮಾಡಿ, ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ತಂತಿ ಕಳಚಿ, ತುಕ್ಕು ಹಿಡಿದ ಎರಡು ಬೋಲ್ಟಿಗೆ ಎಣ್ಣೆ ಬಿಟ್ಟು ಅರ್ಧ ದಿನ ಕಾದೆ. ಹಳೆಯ ಪ್ಯಾಕಿಂಗ್ ಕೆರೆದು ತೆಗೆದು ಹೊಸ ವಾಲ್ವ್ ಕೂರಿಸಿದೆ. ನೀರು ತುಂಬಿಸಿ, ಗಾಳಿ ಹೊರಗೆ ಹೋಗುವವರೆಗೂ ಇಂಜಿನ್ ಓಡಿಸಿದೆ. ಒಂದು ಹನಿಯೂ ಸೋರಲಿಲ್ಲ. ಆ ಹುರುಪಿನಲ್ಲಿ ಗಾಜಿನ ಒಳಮೈಯನ್ನೂ ಸೋಪುನೀರು ಹಾಕಿ, ಪೇಪರಿನಿಂದ ಮೂರು ಸಲ ಉಜ್ಜಿದೆ. ಉಜ್ಜುತ್ತಿರುವಾಗ ಎಡ ಸೀಟಿನ ಸ್ಪ್ರಿಂಗ್ ಕಿರ್ರೆಂದಿತು, ಕೂತವರು ಎದ್ದಾಗ ಬರುವ ಸದ್ದು. ಹಳೆಯ ಸೀಟು ಅಂದುಕೊಂಡು ಉಜ್ಜುವುದನ್ನು ಮುಂದುವರಿಸಿದೆ.

ಭಾನುವಾರ ಬಂತು. ಮಾಗಿಯ ಚಳಿ. ತುರುವೇಕೆರೆ ದಾಟಿದರೂ ಗಾಜು ತಿಳಿಯಾಗಿಯೇ ಇತ್ತು. ಮೇಸ್ತ್ರಿಯವರು ಮತ್ತೆ ಮತ್ತೆ ಎಡಕ್ಕೆ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ನಾನು ಶಹಭಾಸ್‌ಗಿರಿಗೆ ಕಾಯುತ್ತಿದ್ದೆ. ಒಂದು ತೋಟದ ಬೇಲಿಯ ಪಕ್ಕ ಗಾಡಿ ನಿಂತಿತು.

"ಗಾಜು ಒರ್ಸಿದ್ಯೇನವ್ವ?"

"ಹೂಂ ಮೇಸ್ತ್ರಿ, ಸೋಪ್ ಹಾಕಿ ಒರ್ಸಿದೆ. ವಾಲ್ವೂ ಹೊಸ್ದು."

ಅವರು ಆ ಚಪ್ಪಟೆ ಬೆರಳನ್ನು ಗಾಜಿನ ಎಡಭಾಗದವರೆಗೆ ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಕೆಲ್ಸ ಸಂದಾಗ್ ಮಾಡಿದ್ದೀಯ ಕಣವ್ವ" ಎಂದರು. ಆಮೇಲೆ ಹೆಂಡತಿಯ ವಿಷಯ ಹೇಳಿದರು. ಮೊದಲ ಸಲ ಗಾಜು ಮಂಜಾದ ದಿನ ಆಕೆ ಬೆರಳಿನಿಂದ ಬರೆದು, "ಮಾರ್ಕ್ ಹಾಕಿವ್ನಿ. ಇನ್ ಆ ಯಜಮಾನ್ರೇ ಬಂದು ಕೇಳುದ್ರೂ ಈ ಗಾಡಿ ನಮ್ದೇಯಾ" ಅಂದಿದ್ದರಂತೆ. ಹೇಳುವಾಗ ಮೇಸ್ತ್ರಿಯವರು ನಕ್ಕರು.

ಶೆಡ್ಡಿಗೆ ಬಂದ ಮೇಲೆ ಹಳೆಯ ವಾಲ್ವ್ ಕೇಳಿ ತೆಗೆದುಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿದರು. "ಇನ್ನೂ ನೀರೈತೆ ಇದ್ರಲ್ಲಿ" ಎಂದರು. ಬಿಚ್ಚಿ ನಾಲ್ಕು ದಿನವಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ ಎಡ ಸೀಟಿನ ಕೆಳಗೆ ಇಟ್ಟರು. ಮುಂದಿನ ಭಾನುವಾರವೂ ಎಡಗಡೆ ಬಾಗಿಲು ತೆರೆದು ನಿಂತರು. ಆದರೆ ಮೊದಲಿಗಿಂತ ಹೆಚ್ಚು ಹೊತ್ತು, ಬಂದವರು ಹತ್ತಲು ಹಿಂದೆಮುಂದೆ ನೋಡುತ್ತಿದ್ದಾರೆ ಎನ್ನುವ ಹಾಗೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮೇಸ್ತ್ರಿಯವರು ನಿದ್ದೆಯಲ್ಲಿಯೇ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ತಮ್ಮನ ಮಗ ಬೀಗದ ಕೈ ತಂದುಕೊಟ್ಟು, "ಗಾಡಿ ನಿಮ್ಗೇ ಅಂತ ದೊಡ್ಡಪ್ಪ ಹೇಳಿದ್ರು. ಹಳೇ ವಾಲ್ವೂ ಅದ್ರಲ್ಲೇ ಐತಂತೆ" ಎಂದ.

ಹೊಸದನ್ನು ಬಿಚ್ಚಿ, ಕೆಟ್ಟದ್ದನ್ನೇ ಮತ್ತೆ ಹಾಕಿದೆ. ಭಾನುವಾರ ಬೆಳಿಗ್ಗೆ ಎಡಗಡೆ ಬಾಗಿಲು ತೆರೆದು, ಅವರು ನಿಲ್ಲುತ್ತಿದ್ದಷ್ಟು ಹೊತ್ತು ನಿಂತೆ. ತುರುವೇಕೆರೆ ಬಳಿ ಸಿಹಿ ವಾಸನೆ ಎದ್ದಿತು, ಗಾಜು ಮಂಜಾಯಿತು. ಎಡಭಾಗದಲ್ಲಿ ಒಂದು ದೊಡ್ಡ ಗುಂಡು ಮೂಡಿತು, ಒಳಗೆ ಮೂರು ಚಪ್ಪಟೆ ಚುಕ್ಕೆ. ಆ ಬೆರಳು ಯಾರದೆಂದು ನಿಮಗೂ ಗೊತ್ತು. ನಾನು ಒರೆಸಿಹಾಕಿದ ಮೇಲೆ ಯಾವಾಗಲೋ ಖಾಲಿ ಗಾಜಿನ ಮೇಲೆ ತಾವೇ ಬರೆದಿದ್ದಾರೆ.

ಅದರ ಪಕ್ಕದಲ್ಲಿ, ಹಳೆಯ ಜಾಗದಲ್ಲಿಯೇ, ಇನ್ನೊಂದು ಮೂಡಿತು. ಚಿಕ್ಕದು, ತೆಳು ಗೆರೆಯದು.

ಈಗ ನನ್ನ ಹತ್ತಿರ ಯಾರೇ ಹಳೆಯ ಗಾಡಿ ತಂದರೂ, ಕೆಟ್ಟದ್ದನ್ನು ಇಷ್ಟು ವರ್ಷ ಯಾಕೆ ಹಾಗೇ ಬಿಟ್ಟಿದ್ದೀರಿ ಎಂದು ಕೇಳದೆ ಸ್ಪ್ಯಾನರ್ ಹಿಡಿಯುವುದಿಲ್ಲ. ಮೇಸ್ತ್ರಿಯವರ ಋಣದಲ್ಲಿ ಅಷ್ಟನ್ನಾದರೂ ತೀರಿಸಬೇಕು.

ಸೋಪು ಹಾಕಿ ಮೂರು ಸಲ ಉಜ್ಜಿದ ಗಾಜಿನಲ್ಲಿ ಬೆರಳಿನ ಗೆರೆ ಉಳಿಯುತ್ತದೆಯೇ? ನಿಮ್ಮ ಗಾಡಿಗಳಲ್ಲಿ ಹೀಗೆ ಏನಾದರೂ ಕಂಡಿದ್ದರೆ ಕೆಳಗೆ ಬರೆಯಿರಿ. ಗಾಜಿನ ವಿಷಯಕ್ಕೆ ಒಂದಲ್ಲ ಒಂದು ಕಾರಣ ಸಿಗಬಹುದು. ಇಂಜಿನ್ ಶುರು ಮಾಡುವ ಮೊದಲೇ ಎಡ ಸೀಟು ಬೆಚ್ಚಗಿರುವುದು ಯಾಕೆಂದು ಗೊತ್ತಿರುವವರಿದ್ದರೆ ಅವರು ಮೊದಲು ಬರೆಯಿರಿ.