ಮಲ್ಲಾಸುರನ ಕವಚ ಉಸಿರಾಡಿದ ಮಧ್ಯಾಹ್ನ

ಸೊಲ್ಲಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಡೆದ ಕಾರಿನ ಬಂಪರುಗಳಿಗೆ ತೇಪೆ ಹಾಕುವ ಅಂಗಡಿಯೊಂದಿದೆ. ಮೊನ್ನೆ ಅದರ ಮುಂದೆ ಹಾಯುವಾಗ ಆ ವಾಸನೆ ಬಂತು: ಕೊಳೆತ ಹಣ್ಣಿನ ಸಿಹಿಗೆ ಸೀಮೆಎಣ್ಣೆ ಬೆರೆಸಿದಂಥದು. ನನ್ನ ಕಾಲುಗಳು ತಾವಾಗಿಯೇ ರಸ್ತೆಯ ಆಚೆ ಬದಿಗೆ ದಾಟಿದವು. ಜೊತೆಯಲ್ಲಿ ನೀವಿದ್ದಿದ್ದರೆ ನಕ್ಕುಬಿಡುತ್ತಿದ್ದಿರಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಬಂಪರು ಅಂಟಿಸುವ ಒಂದು ಡಬ್ಬಿ ರೆಸಿನ್‌ಗೆ ಹೆದರಿ ರಸ್ತೆ ದಾಟುವುದು ನಗುವಂಥದ್ದೇ. ಆದರೆ ಆ ವಾಸನೆಯೊಳಗೆ ನನಗೆ ಇಂದಿಗೂ ಒಂದು ಉಸಿರು ಕೇಳಿಸುತ್ತದೆ.

ನನ್ನ ಸೋದರಮಾವ ಮಾಳಪ್ಪ ಅಕ್ಕಲಕೋಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುವ ಪೇಂಟರ್. ವರ್ಷಕ್ಕೊಮ್ಮೆ, ಚಂಪಾಷಷ್ಠಿಯ ಹೊತ್ತಿಗೆ, ಅವನು ಮಲ್ಲಾಸುರನಾಗುತ್ತಿದ್ದ; ಮೈಲಾರನ ಆಟದಲ್ಲಿ ದೇವರ ಕೈಯಿಂದ ಸಾಯುವ ರಾಕ್ಷಸ. ಒಂದೇ ಉಸಿರಿನಲ್ಲಿ ಹತ್ತು ಸಾಲು ಮಾತು ಹೇಳಿ ಹನ್ನೊಂದನೆಯದಕ್ಕೆ ಗದೆ ಎತ್ತುತ್ತಿದ್ದ. ಊರವರು ದೇವರನ್ನು ನೋಡಲು ಬರುತ್ತೇವೆಂದು ಹೇಳಿಕೊಳ್ಳುತ್ತಿದ್ದರು. ಅವರು ಬರುತ್ತಿದ್ದುದು ಆ ಉಸಿರಿಗಾಗಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕವಚ ಮಾತ್ರ ರಟ್ಟಿನದು. ಮೂರನೆಯ ದೃಶ್ಯದ ಹೊತ್ತಿಗೆ ಬೆವರು ಕುಡಿದು ಸೊರಗುತ್ತಿತ್ತು. ಒಂದು ವರ್ಷ ಯುದ್ಧದ ನಡುವೆಯೇ ಅದರ ಎದೆ ಹೊಟ್ಟೆಗಿಳಿದಾಗ ಹೆಂಗಸರ ಸಾಲಿನಿಂದ ಯಾರೋ ಕೂಗಿದರು: "ಏ ಮಲ್ಲಾಸುರಾ, ಎದಿ ಸಂಭಾಳ್ಸೋ! ಅದು ಕೆಳಗ ಬಿದ್ದರ ದೇವರು ಎಲ್ಲಿ ಚುಚ್ಚಬೇಕು?" ಇಡೀ ಬಯಲು ನಕ್ಕಿತು. ಮಾಮಾ ನಗಲಿಲ್ಲ. ಮರುವರ್ಷ, ಗಣಪತಿ ಮೂರ್ತಿ ಮಾಡುವವರನ್ನು ವಿಚಾರಿಸಿ, ರಟ್ಟಿಗೆ ಹೊರಗಿನಿಂದ ರೆಸಿನ್ ಬಳಿದು, ಒಳಗಿನಿಂದ ಗಾಜಿನ ನಾರಿನ ಬಟ್ಟೆ ಅಂಟಿಸಿ ಗಟ್ಟಿಗೊಳಿಸುವುದೆಂದು ನಿಶ್ಚಯಿಸಿದ.

ಸೊಲ್ಲಾಪುರದಿಂದ ಸಾಮಾನು ಒಯ್ದುಕೊಟ್ಟವಳು ನಾನೇ. ಅಂಗಡಿಯವನು ರೆಸಿನ್ನನ್ನೂ ಅದನ್ನು ಗಟ್ಟಿಮಾಡುವ ದ್ರವವನ್ನೂ ಹೆಸರಿಲ್ಲದ ಸೋಡಾ ಬಾಟಲಿಗಳಿಗೆ ಸುರಿದುಕೊಟ್ಟ. ಅವನ ಮೂಲ ಡಬ್ಬಿಯ ಮೇಲಿನ ಸೂಚನೆಯನ್ನು ನಾನು ಓದಿದೆ. ಬಯಲಿನಲ್ಲಿ ಕೆಲಸ ಮಾಡಬೇಕು. ಆವಿಯನ್ನು ಹೀರುವ ಮುಖವಾಡ, ಕೈಗವಸು, ಕನ್ನಡಕ ಇರಬೇಕು. ಸ್ವಲ್ಪಸ್ವಲ್ಪವೇ ಕಲಸಬೇಕು, ಒಮ್ಮೆಲೇ ಕಲಸಿದರೆ ತಾನಾಗಿ ಕಾದು ಹೊಗೆಯಾಡುತ್ತದೆ.

ಆಟ ಆಡಿಸುವ ಮೇಳದ ಪದ್ಧತಿ ಬೇರೆಯೇ ಇತ್ತು. ಮೊದಲ ಪೂಜೆಯಾಗುವವರೆಗೆ ರಾಕ್ಷಸನ ವೇಷ ಅದನ್ನು ತೊಡುವವನ ಮತ್ತು ಅವನ ಮನೆಯ ಒಬ್ಬರ ಹೊರತು ಯಾರ ಕಣ್ಣಿಗೂ ಬೀಳಬಾರದು. ಆ ಒಬ್ಬಳು ನಾನು. ಕವಚ ಕಟ್ಟಲು ಮಾಮಾನ ಮನೆಯಲ್ಲಿ ಗೊತ್ತುಮಾಡಿದ ಕೋಣೆಗಿದ್ದ ಒಂದೇ ಕಿಟಕಿಗೆ ಮೇಳದವರು ಕರಿಯ ಕಂಬಳಿ ಹೊದಿಸಿ ಮೊಳೆ ಹೊಡೆದಿದ್ದರು. ರಟ್ಟು, ಸರೇಸಿನ ಅಂಟುಗಳ ಕಾಲದಲ್ಲಿ ಇದರಿಂದ ಯಾರಿಗೂ ಕೇಡಾಗಿರಲಿಲ್ಲ.

"ಮಾಮಾ, ಈ ವಾಸನಿಯೊಳಗ ಕುಂದ್ರಬ್ಯಾಡ. ಕಂಬಳಿ ತಗಿ, ಇಲ್ಲಾಂದ್ರ ಹೊಲಕ್ಕ ಒಯ್ದು ಮಾಡು."

"ಹೊಲದಾಗ ಮಂದಿ ನೋಡ್ತಾರ, ಅವ್ವಿ."

"ನೋಡ್ಲಿ. ಡಬ್ಬಿ ಮ್ಯಾಲ ಹಂಗಽ ಬರದಾರ."

"ನೀ ಡಬ್ಬಿ ಓದೀದಿ, ನಾ ಮಲ್ಲಾಸುರನ್ನ ಓದೀನಿ. ಮೂಗಿಗಿ ಹಸಿ ಟಾವೆಲ್ ಕಟ್ಟೀನಿ, ಸಾಕು ಬಿಡು."

ನಾನು ನಕ್ಕು ಬಸ್ಸು ಹತ್ತಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಹೋದಾಗ ಮನೆಯಲ್ಲಿ ಸದ್ದಿರಲಿಲ್ಲ. ಅತ್ತೆ ಪೇಟೆಗೆ ಹೋಗಿದ್ದಳು. ಕೋಣೆಯ ಬಾಗಿಲು ತಳ್ಳಿದೆ. ಕತ್ತಲೆಗೆ ಕಣ್ಣು ಹೊಂದಿಕೊಂಡಾಗ ಕವಚ ಕಂಡಿತು: ತಲೆಯಿಲ್ಲದ, ತೋಳಿಲ್ಲದ ದೊಡ್ಡ ಮುಂಡವೊಂದು ನೆಲದ ಮೇಲೆ ಅಂಗಾತ ಮಲಗಿತ್ತು. ಅದರ ಸೊಂಟದ ಭಾಗ ಮೂಲೆಯ ಕತ್ತಲಲ್ಲಿ ಕರಗಿತ್ತು. "ಮಾಮಾ" ಎಂದೆ. ಬಗ್ಗಿ ಅದರ ಎದೆಯ ಮೇಲೆ ಅಂಗೈಯಿಟ್ಟೆ. ಜ್ವರ ಬಂದ ಮೈಯಂತೆ ಬಿಸಿಯಾಗಿತ್ತು. ಗಟ್ಟಿಯಾಗುವಾಗ ರೆಸಿನ್ ಶಾಖ ಬಿಡುತ್ತದೆ. ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು ನಾನು. ಆ ಕ್ಷಣದಲ್ಲಿ ಒಂದು ಅಕ್ಷರವೂ ನೆನಪಾಗಲಿಲ್ಲ. ಒಳಗೆಲ್ಲೋ ಟಿಕ್, ಟಿಕ್ ಎಂದು ಬಿರಿಯುವ ಸದ್ದು. ಆಮೇಲೆ, ನನ್ನ ಅಂಗೈಯ ಕೆಳಗೇ, ಅದು ಉಸಿರೆಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು, ಈ ಸಲ ತುಸು ತಡವಾಗಿ.

ನಾನು ನಂಬಿದೆ. ಒಪ್ಪಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ನಂಬಿದೆ. ಕಂಠದ ಆ ಕರಿಯ ರಂಧ್ರದಿಂದ ಯಾವುದೋ ನನ್ನನ್ನು ನೋಡುತ್ತಿದೆಯೆಂದು ಕೈ ತೆಗೆಯಲೂ ಆಗದೆ ನಿಂತೆ. ಮೂರನೆಯ ಉಸಿರು ಬರಲು ಬಹಳ ಹೊತ್ತಾಯಿತು. ಕಾಯುತ್ತಿದ್ದಾಗ ಮೂಲೆಯಲ್ಲಿ ಎರಡು ಪಾದಗಳು ಕಂಡವು, ಬೆರಳುಗಳ ಮೇಲೆ ಹಳದಿ ಬಣ್ಣದ ಕಲೆ. ಒಳಗಿನ ನಾರನ್ನು ಒತ್ತಿ ಕೂಡಿಸಲು ಮಾಮಾ ಸೊಂಟದವರೆಗೆ ಕವಚದೊಳಗೆ ನುಸುಳಿದ್ದ. ಅಲ್ಲೇ ಪ್ರಜ್ಞೆ ತಪ್ಪಿದ್ದ. ಪಕ್ಕದಲ್ಲಿ, ಒಮ್ಮೆಲೇ ಪೂರ್ತಿ ಕಲಸಿಟ್ಟ ಡಬ್ಬಿ ಹೊಗೆಯಾಡುತ್ತಿತ್ತು.

ಕಂಬಳಿಯನ್ನು ಹರಿದೆಳೆದು ಕಿರುಚಿದೆ. ಬೆಳಕು ಬಿತ್ತು, ಓಣಿಯ ಮಂದಿ ಇಣುಕಿದರು. ನಾಲ್ಕು ಜನ ಸೇರಿ ಅವನನ್ನು ಹೊರಗೆಳೆದೆವು.

ಮಾಮಾ ಬದುಕಿದ. ಆ ಉಸಿರು ಮಾತ್ರ ಮರಳಲಿಲ್ಲ. ಒಂದು ಸಣ್ಣ ಮಾತಿಗೂ ಅವನು ನಡುವೆ ನಿಲ್ಲಬೇಕು. ಮಲ್ಲಾಸುರನ ಪಾತ್ರ ಬೇರೆಯವರ ಪಾಲಾಯಿತು. ಮೇಳದ ಸಭೆಯಲ್ಲಿ ಇದಕ್ಕೆ ಯಾರು ಹೊಣೆಯೆಂದು ಕೇಳಲು ನಾನು ಎದ್ದು ನಿಂತೆ.

"ಕಂಬಳಿ ಹರದಾಕಿ ಯಾರು? ಮದಲ ಅದನ್ನ ಹೇಳು," ಎಂದರು ಅಧ್ಯಕ್ಷರು. "ವೇಷದ ಮ್ಯಾಲ ಮಂದಿ ಕಣ್ಣ ಬಿತ್ತು. ಮಾಳಪ್ಪಗ ಅದಽ ಬಡೀತು."

"ಕಾಕಾ, ಮದಲ ಅವ ಬಿದ್ದಾನ. ಆಮ್ಯಾಲ ನಾ ಹರದೀನಿ."

"ಭಾಳ ಶಾಣ್ಯಾಕಿ ಆಗೀದಿ. ಕುಂದ್ರು."

ಕೂರಲಿಲ್ಲ, ಇಂದಿಗೂ ಕೂತಿಲ್ಲ. ವೇಷವನ್ನು ಮಂದಿಯ ಕಣ್ಣಿನಿಂದ ಕಾಪಾಡಲು ಕಂಬಳಿ ಹುಡುಕಿ ತಂದವರು ಅದನ್ನು ಕಟ್ಟುವವನ ಮೂಗಿಗೆ ಒಂದು ಮುಖವಾಡವನ್ನೇಕೆ ಹುಡುಕಲಿಲ್ಲ? ಹೆಸರಿಲ್ಲದ ಬಾಟಲಿಯಲ್ಲಿ ವಿಷ ಮಾರುವವನನ್ನು ಯಾರು ಕೇಳಬೇಕು? ದೃಷ್ಟಿ ತಾಗಿತು ಎಂದರೆ ಸಾಕು, ಮನುಷ್ಯರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ಈ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಡಬ್ಬಿ ಓದಿದವಳು ನಾನೊಬ್ಬಳೇ. ಹೇಳಿದ್ದು ಒಂದೇ ಸಲ.

ಈ ವರ್ಷ ಹೊಸ ಕವಚ ಕಟ್ಟುತ್ತಿದ್ದಾರೆ. ಮಾಮಾ ಹಟ ಹಿಡಿದು, ಯಾರ ಕಣ್ಣಿಗೂ ಬೀಳಬಾರದೆಂಬ ಪದ್ಧತಿಯನ್ನು ಬದಿಗಿರಿಸಿ, ಕೆಲಸವನ್ನು ಹೊಲಕ್ಕೆ ತರಿಸಿದ್ದಾನೆ. ಕಳೆದ ಭಾನುವಾರ ನಾನು ಎಚ್ಚರಿಕೆಗಳನ್ನೆಲ್ಲ ಅಚ್ಚ ಕನ್ನಡದಲ್ಲಿ ದುಂಡಗೆ ಬರೆದು ಒಯ್ದೆ. ಈ ಸಲ ಕವಚ ಕಟ್ಟುವ ಹುಡುಗಿಯರಿಬ್ಬರೂ ಮರಾಠಿ ಶಾಲೆಯಲ್ಲಿ ಕಲಿತವರು. ಹಾಳೆಯನ್ನು ತಿರುವಿ ಮುರುವಿ ನೋಡಿ ಒಬ್ಬಳು ನಕ್ಕಳು: "ಅಕ್ಕಾ, ಮಾತಾಡಾಕ ಬರ್ತದ, ವಾಚಾಯಲಾ ಯೇತ್ ನಾಹೀ." ಕನ್ನಡ ಅವರಿಗೆ ಓದಲು ಬಾರದು; ನನ್ನ ವಿದ್ಯೆಗೆ ಮತ್ತೊಂದು ಪ್ರಶಸ್ತಿ.

"ನಾ ಹೇಳ್ತೀನಿ," ಎಂದ ಮಾಮಾ. "ಗಾಳಿಗಿ... ಬೆನ್ನ ಕೊಟ್ಟ ಕುಂದರ್ರಿ. ಮುಖವಾಡ... ಟಾವೆಲ್ ಅಲ್ಲ. ಒಣಗಿದ ಮ್ಯಾಲ ತಿಕ್ಕುವಾಗ... ನೀರ ಹಾಕಿ ತಿಕ್ರಿ, ಗಾಜಿನ ಧೂಳ... ಏಳಬಾರದು." ಹುಡುಗಿಯರು ನಗು ನಿಲ್ಲಿಸಿದ್ದರು. ತುಸು ದೂರದಲ್ಲಿ ಅಧ್ಯಕ್ಷರು ಕುಳಿತಿದ್ದರು. ಮಾಮಾ ಅವರ ಕಡೆಗೆ ತಿರುಗಿದ.

"ಆ ದಿನ ಆ ಖೋಲಿಯೊಳಗ..."

ಅವನ ಉಸಿರು ಅಲ್ಲಿಗೆ ಮುಗಿಯಿತು. ಕತ್ತಿನ ನರಗಳು ಉಬ್ಬಿದವು. ಉಳಿದ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ವರ್ಷಗಳಿಂದ ಕೂಗಿದ್ದೂ ಅದನ್ನೇ. ಮೊದಲ ಸಲ ಅದನ್ನು ನುಂಗಿಕೊಂಡೆ. ಎಲ್ಲರೂ ಕಾದರು. ನಾವೂ ಉಸಿರು ಹಿಡಿದಿದ್ದೆವು.

"ಗಾಳಿ ಇದ್ದಿಲ್ಲ," ಎಂದರು ಅಧ್ಯಕ್ಷರು, ನೆಲ ನೋಡುತ್ತ.

ಮಾಮಾ ತಲೆಯಾಡಿಸಿದ, ಮುಂದಿನ ಮಾತಿಗೆ ನಿಧಾನವಾಗಿ ಉಸಿರೆಳೆದುಕೊಂಡ.