ಕೋಡವ್ವನ ಪಾಲಿನ ಇರುವೆಗಳು

ಲಂಡನ್ನಿಗೆ ಬಂದು ಇಪ್ಪತ್ತಾರು ವರ್ಷವಾದರೂ ಕಾಶವ್ವ ಎರಡು ರೂಢಿ ಬಿಟ್ಟಿರಲಿಲ್ಲ. ಒಂದು, ಲಿಫ್ಟ್ ಹತ್ತದೆ ಮೆಟ್ಟಿಲಲ್ಲೇ ಓಡಾಡುವುದು. ಇನ್ನೊಂದು, ಸೋಮವಾರ ಮಿಂದು ಪೂಜೆ ಮುಗಿಸಿದ ಮೇಲೆ ಇರುವೆಗೆ ಸಕ್ಕರೆ ಹಾಕುವುದು. ಮೊದಲನೆಯದಕ್ಕೆ ಕಾರಣ ಹೆದರಿಕೆ, ಎರಡನೆಯದಕ್ಕೆ ಅವಳ ಅವ್ವ. ಇಂಡಿ ತಾಲೂಕಿನ ಆ ಹೆಣ್ಣುಮಗಳು ತಾನು ಉಪವಾಸವಿದ್ದ ದಿನವೂ ಗೋಡೆಬದಿಯ ಇರುವೆಸಾಲಿಗೆ ಹಿಟ್ಟು, ಸಕ್ಕರೆ ಉದುರಿಸದೆ ಒಳಗೆ ಬರುತ್ತಿರಲಿಲ್ಲ. “ಕೈಯೊಡ್ಡಿ ಬೇಡಾವರಿಗೆ ಎಲ್ಲಾರೂ ಹಾಕ್ತಾರ. ಕಾಲಾಗ ಸಿಕ್ಕು ಸಾಯೂವಕ್ಕ ಯಾರು ಹಾಕ್ತಾರ?” ಎನ್ನುತ್ತಿದ್ದಳು. ಕ್ವೀನ್ಸ್‌ಬರಿಯ ಫ್ಲಾಟಿನಲ್ಲಿ ಹಿತ್ತಲು ಎಲ್ಲಿಂದ ಬರಬೇಕು? ಕೆಳಗೆ ಕಸದ ತೊಟ್ಟಿಗಳ ಹಿಂದಿದ್ದ ಇಟ್ಟಿಗೆ ಗೋಡೆಯೇ ಕಾಶವ್ವನ ಹಿತ್ತಲಾಯಿತು.

ಪಾರ್ಕ್ ರಾಯಲ್‌ನ ಚಪಾತಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಿಂತೇ ದುಡಿದು ಅವಳ ಭುಜ ಕೈಕೊಟ್ಟಿತ್ತು. ಆಮೇಲೆ ಸಿಕ್ಕಿದ್ದು ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಸಣ್ಣ ಆಶ್ರಯಧಾಮದಲ್ಲಿ ಸ್ವಚ್ಛತೆಯ ಕೆಲಸ. ಜನ ಶೋಕಿಗೆ ತಂದು, ಬೇಸರವಾದಾಗ ಬಿಟ್ಟುಹೋದ ಹಾವು, ಆಮೆ, ಹಲ್ಲಿಗಳನ್ನು ಅಲ್ಲಿ ಸಾಕುತ್ತಿದ್ದರು. “ಕಾರ್ಖಾನಿ ಬಿಟ್ಟು ಹಲ್ಲಿಗಿ ಜಳಕಾ ಮಾಡಸಾಕ ಹೊಂಟಾಳ” ಎಂದು ಗಂಡ ಶಾಂತಪ್ಪ ನಕ್ಕಿದ್ದ. ಅಂಚೆಯ ಕೆಲಸದಿಂದ ನಿವೃತ್ತನಾದ ಮನುಷ್ಯ. ಮನೆಗೆ ಬಂದ ಇಂಗ್ಲಿಷ್ ಕಾಗದ, ಗೋಡೆಗೆ ಅಂಟಿಸಿದ ನೋಟಿಸು, ಎಲ್ಲ ಅವನೇ ಓದಿ ಹೇಳಬೇಕು. ಕಾಶವ್ವನ ಇಂಗ್ಲಿಷ್ ಬಾಯಿಯ ಮಟ್ಟಿಗೆ ಮಾತ್ರ, ಕಣ್ಣಿಗೆ ಬಂದಿರಲಿಲ್ಲ.

ಕಳೆದ ವರ್ಷದ ಏಪ್ರಿಲ್‌ನಲ್ಲಿ ಯಾರೋ ಒಂದು ಶೂ ಡಬ್ಬಿಯನ್ನು ಆಶ್ರಯಧಾಮದ ಬಾಗಿಲಲ್ಲಿಟ್ಟು ಹೋದರು. ಒಳಗೆ ಅಂಗೈಯಗಲದ ಮೂರು ಪ್ರಾಣಿಗಳಿದ್ದವು. ರೊಟ್ಟಿಯಂತೆ ಚಪ್ಪಟೆ ಮೈ, ಅಂಚಿನುದ್ದಕ್ಕೂ ಮುಳ್ಳು, ತಲೆಯ ಸುತ್ತ ಕೋಡುಗಳು. ಅಲ್ಲಿನ ಮೇಲ್ವಿಚಾರಕಿ ಗೌತಮಿ, ಬೆಂಗಳೂರಿನ ಹುಡುಗಿ, ಡಬ್ಬಿ ತೆರೆದವಳೇ ನೆಲದ ಮೇಲೆ ಕೂತುಬಿಟ್ಟಳು.

“ಕೋಡಿನ ಹಲ್ಲಿ ಆಂಟಿ. ಅಮೆರಿಕದ್ದು. ಕದ್ದು ತರಿಸಿದಾರೆ. ಇವು ಇರುವೆ ಬಿಟ್ಟು ಬೇರೆ ತಿಂದು ಬದುಕೋದು ಕಷ್ಟ.”

ಕಾಶವ್ವನಿಗೆ ಅದು ಹಲ್ಲಿಯಾಗಿ ಕಾಣಲಿಲ್ಲ. ಅವಳ ಊರಿನ ಬೇಲಿಯ ಮೇಲೆ ತಲೆಯಾಡಿಸುತ್ತಿದ್ದ ಓತಿಕ್ಯಾತ ಕಿರೀಟ ಇಟ್ಟುಕೊಂಡು ಬಂದ ಹಾಗಿತ್ತು. ಓತಿಕ್ಯಾತ ಕಂಡರೆ ಊರಿನವರ ಕೈಗೆ ಕಲ್ಲು ತಾನಾಗಿ ಬರುತ್ತಿತ್ತು. ಏನು ತಪ್ಪು ಮಾಡಿತ್ತೋ ಅದು, ಯಾರೂ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕಾಶವ್ವ ಅಡ್ಡ ನಿಂತು ತನ್ನ ಹಣೆಗೇ ಕಲ್ಲು ತಿಂದಿದ್ದಳು. ಆ ಗಾಯದ ಗುರುತು ಇನ್ನೂ ವಿಭೂತಿಯ ಕೆಳಗಿದೆ.

ಎರಡು ಹಲ್ಲಿಗಳು ತಿಂಗಳೊಳಗೆ ಸತ್ತವು. ಸ್ಪೇನಿನಿಂದ ತರಿಸಿದ ಇರುವೆಗಳು ದಾರಿಯಲ್ಲೇ ಸತ್ತು ಪುಡಿಯಾಗಿ ಬಂದಿದ್ದವು. ಉಳಿದದ್ದು ಒಂದು ಹೆಣ್ಣು. ಅದನ್ನು ಕಾಶವ್ವ ಕೋಡವ್ವ ಎಂದು ಕರೆದಳು. ಒಂದು ದಿನ ಯಾರದೋ ನಾಯಿ ಗಾಜಿನ ಪೆಟ್ಟಿಗೆಯ ಬಳಿ ಬಂದು ಬೊಗಳಿದಾಗ ಕೋಡವ್ವ ಕಣ್ಣಂಚಿನಿಂದ ರಕ್ತ ಚಿಮ್ಮಿಸಿತು. ಕಾಶವ್ವ ಬಟ್ಟೆ ಒದ್ದೆ ಮಾಡಿ ಮೆಲ್ಲಗೆ ಒರೆಸಿದಳು. ವೈರಿಯನ್ನು ಹೆದರಿಸಲು ಅದು ಹಾಗೆ ಮಾಡುತ್ತದೆ ಎಂದು ಗೌತಮಿ ಹೇಳಿದಳು. ಹೆದರಿದ್ದು ಯಾರು ಎಂದು ಕಾಶವ್ವನಿಗೆ ಚೆನ್ನಾಗಿ ಕಂಡಿತ್ತು.

“ಮೊದಲೆಲ್ಲ ಅಲ್ಲಿ ಮನೆಮುಂದೆ ಓಡಾಡ್ಕೊಂಡಿದ್ವಂತೆ,” ಗೌತಮಿ ಒಮ್ಮೆ ಹೇಳಿದಳು. “ಈಗ ಎಷ್ಟೋ ಕಡೆ ಹುಡುಕಿದ್ರೂ ಒಂದೂ ಸಿಗಲ್ಲ.”

“ಏನ್ ಬ್ಯಾನಿ ಬಂತು?”

“ಬೇನೆ ಅಲ್ಲ ಆಂಟಿ. ಜಮೀನು ಹೋಯ್ತು, ಹೊರಗಿನ ಇರುವೆ ಬಂದು ಅಲ್ಲಿದ್ದ ಇರುವೆನ ಓಡಿಸ್ತು. ಉಳಿದಿದ್ದಕ್ಕೆ ಜನ ಔಷಧಿ ಹಾಕಿದ್ರು. ಇರುವೆ ಹೋದ್ವು, ಹಿಂದೇನೇ ಇವೂ ಹೋದ್ವು.”

ಅವತ್ತೇ ಕಾಶವ್ವ ನಿರ್ಧರಿಸಿದಳು. “ನಮ್ಮ ಗ್ವಾಡಿಗಿ ಬೇಕಾದಷ್ಟು ಇರುವಿ ಅದಾವ ತಂಗಿ. ನಾ ತರ್ತೀನಿ.”

ಹೇಳುವುದು ಸುಲಭ. ತಾನೇ ಸಾಕಿದ ಇರುವೆಗಳನ್ನು ತಾನೇ ಹಿಡಿದುಕೊಡುವುದೆಂದರೆ? ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಕೊನೆಗೆ ತಾನೇ ತೀರ್ಪು ಕೊಟ್ಟುಕೊಂಡಳು. “ಕೊಂದ ಪಾಪ ತಿಂದು ಪರಿಹಾರ ಅಂತಾರ. ನಾ ಕೊಡಾಕಿ, ಅದು ತಿನ್ನಾಕಿ. ಇಬ್ಬರಿಗೂ ಅರ್ಧರ್ಧ ಹಂಚಿಹೋಗತೈತಿ.” ಬೆಲ್ಲ ಸವರಿದ ಚಪಾತಿ ಚೂರನ್ನು ಗೋಡೆಬುಡದಲ್ಲಿಟ್ಟು, ಅದು ಇರುವೆಯಿಂದ ಕಪ್ಪಾದ ಮೇಲೆ ಉಪ್ಪಿನಕಾಯಿ ಬಾಟಲಿಗೆ ಕೊಡವುತ್ತಿದ್ದಳು. ಎರಡು ಬಸ್ಸು ಬದಲಿಸಿ, ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಕೋಡವ್ವ ನಾಲಿಗೆ ಚಾಚಿ ಒಂದೊಂದನ್ನೇ ನುಂಗುವಾಗ ಮನಸ್ಸಿನಲ್ಲೇ ಇರುವೆಗಳ ಕ್ಷಮೆ ಕೇಳುತ್ತಿದ್ದಳು. ತಪ್ಪಿಗೆ ಪ್ರಾಯಶ್ಚಿತ್ತವೆಂದು ಸೋಮವಾರದ ಸಕ್ಕರೆಯನ್ನು ದಿನವೂ ಹಾಕತೊಡಗಿದಳು.

ಜೂನ್ ಹೊತ್ತಿಗೆ ಕೋಡವ್ವನ ಹೊಟ್ಟೆ ತುಂಬಿಕೊಂಡಿತು. ಕಾಶವ್ವ ದಿನಾ ಸಂಜೆ ಅದರ ಸುದ್ದಿ ತರುತ್ತಿದ್ದಳು: ಗೌತಮಿ ಹೇಳಿದಳು, ಆರಾಮ ಐತಂತ. ಗೌತಮಿಗೆ ಯಾರು ಹೇಳಿದರು ಎಂದರೆ, ಕಾಶವ್ವ. “ಓತಿಕ್ಯಾತಕ್ಕ ಬೇಲಿ ಸಾಕ್ಷಿ,” ಎಂದು ಶಾಂತಪ್ಪ ಕಾಡಿಸುತ್ತಿದ್ದ. ಆದರೆ ಒಂದು ದಿನ ಗೌತಮಿ ಹೊಟ್ಟೆ ಮುಟ್ಟಿ ನೋಡಿ, ಒಳಗೆ ಮೊಟ್ಟೆಗಳಿವೆ ಎಂದಳು. ಡಬ್ಬಿಯಲ್ಲಿ ಜೊತೆಗೆ ಬಂದು ಆಮೇಲೆ ಸತ್ತ ಗಂಡಿನ ಪಾಲು ಅದು. ಹೊರಗೆ ಬಂದು ಮರಿಯಾದರೆ ಅಮೆರಿಕದ ಒಂದು ಸಾಕಣೆ ಕೇಂದ್ರ ತೆಗೆದುಕೊಳ್ಳಲು ಒಪ್ಪಿತ್ತು. ತನ್ನ ಗೋಡೆಯ ಇರುವೆ ತಿಂದು ಹುಟ್ಟಿದವು ಮತ್ತೆ ಅದೇ ಬಯಲಿಗೆ ಹೋಗಿ ಓಡಾಡುತ್ತವೆ ಎಂದು ನೆನೆದು ಕಾಶವ್ವನಿಗೆ ಬಸ್ಸಿನಲ್ಲಿ ಒಬ್ಬಳೇ ನಗು ಬಂತು. ಇಷ್ಟು ವರ್ಷದಲ್ಲಿ ಆ ದೇಶದಲ್ಲಿ ಅವಳು ಅಷ್ಟು ಸುಖವಾಗಿ ಕೂತ ಬಸ್ಸು ಬೇರೊಂದಿಲ್ಲ.

ಇತ್ತ ದಿನಾ ಸಕ್ಕರೆ ತಿಂದ ಇರುವೆ ಸುಮ್ಮನಿರುತ್ತದೆಯೇ? ಸಂಸಾರ ಬೆಳೆಸಿತು. ಗೋಡೆ ದಾಟಿ ಕೆಳಮನೆಯವರ ಅಡುಗೆಮನೆಗೆ ನುಗ್ಗಿತು. ಲಿಫ್ಟಿನೊಳಗೆ ನೋಟಿಸು ಬಂತು: ತಿನಿಸು ಚೆಲ್ಲಬಾರದು. ಶಾಂತಪ್ಪ ಓದಿ ಹೇಳಿದ. ಕಾಶವ್ವ ಸಿಡುಕಿದಳು. “ಇರುವಿ ಇವರ ಮನಿ ದ್ವಾಸಿ ತಿಂದೂವಾ? ಹಂಗ ಸುತ್ತಾಡಿ ಬಂದಿರತಾವ.” ಇನ್ನೊಂದು ನೋಟಿಸು ಬಂದಾಗ ಜಗಳವೇ ಆಯಿತು. ಎರಡು ದಿನ ಗಂಡ ಹೆಂಡತಿ ಮಾತು ಬಿಟ್ಟರು.

ಜುಲೈನ ಒಂದು ಶನಿವಾರ ಬೆಳಿಗ್ಗೆ ಕಾಶವ್ವ ಬಾಟಲಿ ಹಿಡಿದು ಕೆಳಗಿಳಿದಳು. ಗೋಡೆಬುಡದಲ್ಲಿ, ತಾನು ಸಕ್ಕರೆ ಹಾಕುವ ಜಾಗದಲ್ಲೇ, ಪಾರದರ್ಶಕವಾದ ಅಂಟುಹನಿಗಳು ಸಾಲಾಗಿ ಕೂತಿದ್ದವು. ಸುತ್ತ ಇರುವೆಗಳು ಮುತ್ತಿ ಗೋಡೆಯೇ ಕಾಣುತ್ತಿರಲಿಲ್ಲ. ಬಗ್ಗಿ ಮೂಸಿದಳು. ಸಿಹಿ ವಾಸನೆ. ಅವಳ ಕಣ್ಣು ತೇವವಾಯಿತು. ಈ ಕಟ್ಟಡದಲ್ಲಿ ಗುಜರಾತಿ ಮನೆಗಳಿವೆ, ತಮಿಳರಿದ್ದಾರೆ. ಯಾರೋ ಪುಣ್ಯವಂತರು ನನ್ನ ಹಾಗೆಯೇ ಇರುವೆಗೆ ಸಕ್ಕರೆಪಾಕ ಇಟ್ಟಿದ್ದಾರೆ ಎಂದುಕೊಂಡಳು. ನೋಟಿಸು ಹಚ್ಚುವವರ ನಡುವೆ ಇಂಥವರೂ ಇದ್ದಾರಲ್ಲ ಎಂದು ಸಮಾಧಾನಪಟ್ಟಳು. ಚಪಾತಿ ಚೂರು ಇಡುವ ಕೆಲಸವೂ ಇರಲಿಲ್ಲ. ಹನಿಯ ಸುತ್ತಲಿನ ದಪ್ಪ ಸಾಲನ್ನೇ ಗರಿಯಿಂದ ಗುಡಿಸಿ ಬಾಟಲಿ ತುಂಬಿಸಿಕೊಂಡಳು. ಕೋಡವ್ವ ಆ ದಿನ ಎಂದಿಗಿಂತ ಹೆಚ್ಚು ತಿಂದಿತು. ಪಾಕವಿರುವಾಗ ಸಕ್ಕರೆ ಯಾಕೆಂದು ಕಾಶವ್ವ ಎರಡು ದಿನ ಗೋಡೆಯ ಕಡೆ ಹೋಗಲಿಲ್ಲ.

ಸೋಮವಾರ ಕೆಲಸಕ್ಕೆ ಹೋದಾಗ ಅದು ಪೆಟ್ಟಿಗೆಯಲ್ಲಿ ಕಾವು ಕೊಡುವ ದೀಪದ ಕೆಳಗೆ ಬಾಯಿ ತೆರೆದು ಮಲಗಿತ್ತು. ಹಿಂಗಾಲುಗಳು ಬಿಟ್ಟುಬಿಟ್ಟು ಸೆಟೆಯುತ್ತಿದ್ದವು. ಮೊಟ್ಟೆಯಿಡುವ ಸಂಕಟವೋ ಏನೋ ಎಂದು ಗೌತಮಿಗೆ ತಿಳಿಯಲಿಲ್ಲ. “ತಾಜಾ ಇರುವೆ ತನ್ನಿ ಆಂಟಿ, ಒಂದೆರಡಾದ್ರೂ ತಿನ್ನಲಿ,” ಎಂದಳು.

ಮಧ್ಯಾಹ್ನವೇ ಕಾಶವ್ವ ಮನೆಯತ್ತ ಓಡಿಬಂದಳು. ಗೋಡೆಬುಡದಲ್ಲಿ ಇರುವೆಗಳಿದ್ದವು. ಯಾವುದೂ ನಡೆಯುತ್ತಿರಲಿಲ್ಲ. ಚಹಾಪುಡಿ ಚೆಲ್ಲಿದಂತೆ ಕಪ್ಪಗೆ ಗುಪ್ಪೆಯಾಗಿ ಬಿದ್ದಿದ್ದವು. ಹನಿಗಳು ಮಾತ್ರ ಅರ್ಧ ಒಣಗಿ ಇನ್ನೂ ಹೊಳೆಯುತ್ತಿದ್ದವು. ಅವಳು ಅಲ್ಲೇ ಗೋಡೆ ಹಿಡಿದು ಕೂತಳು. ಆಮೇಲೆ ನಾಲ್ಕು ಮಹಡಿ ಹತ್ತಿ ಮೇಲೆ ಬಂದಳು.

“ಏನ್ರೀ, ಕೆಳಗ ಇರುವಿಗೆ ಯಾರು ಏನ್ ಹಾಕ್ಯಾರ? ಆ ಹನಿ ಮ್ಯಾಲಿನ ಇರುವೀನ ಕೋಡವ್ವಗ ಹಾಕೀನಿ.”

ಶಾಂತಪ್ಪ ಪೇಪರು ಮಡಚಿಟ್ಟ. ಎದ್ದು ಹೋಗಿ ತನ್ನ ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತಂದ. ಲಿಫ್ಟಿನಿಂದ ಕಿತ್ತ ಮೂರನೆಯ ನೋಟಿಸು. ಶುಕ್ರವಾರ ಇರುವೆಗೆ ವಿಷ ಇಡುತ್ತೇವೆ, ಮುಟ್ಟಬೇಡಿ ಎಂದಿದ್ದುದನ್ನು ಓದಿ ಹೇಳಿದ.

“ಕಿತ್ತು ಯಾಕ ಜೇಬಿನ್ಯಾಗ ಇಟಗೊಂಡ್ರಿ?”

“ಮತ್ತ ಜಗಳಾ ಆಗತೈತಿ ಅಂತ,” ಎಂದ ಶಾಂತಪ್ಪ. “ನಿನಗ ಬ್ಯಾಸರ ಆಗತೈತಿ ಅಂತ. ನೀ ಹನಿ ಮ್ಯಾಲಿನ ಇರುವಿನ ಹಿಡೀತಿ ಅಂತ ನನಗೇನ್ ಗೊತ್ತು, ಕಾಶಿ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಫೋನ್ ಎತ್ತಿ ಗೌತಮಿಗೆ ಎಲ್ಲ ಹೇಳಿದಳು, ಒಂದು ಮಾತೂ ಮುಚ್ಚಿಡದೆ.

“ಎಷ್ಟು ತಿಂತು ಆಂಟಿ?”

“ನಾ ತಂದಿದ್ದೆಲ್ಲಾ.”

ಕೋಡವ್ವ ಬುಧವಾರ ಬೆಳಿಗ್ಗೆ ಸತ್ತಿತು. ವೈದ್ಯರು ಹೊಟ್ಟೆಯಿಂದ ಹತ್ತೊಂಬತ್ತು ಮೊಟ್ಟೆ ತೆಗೆದು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರು. ಕಾಶವ್ವ ದಿನವೂ ಆ ಪೆಟ್ಟಿಗೆಯ ಮುಂದೆ ನಿಂತು ಕೆಲಸ ಶುರುಮಾಡುತ್ತಿದ್ದಳು. ಐದನೆಯ ವಾರಕ್ಕೆ ಎಲ್ಲವೂ ಒಳಕ್ಕೆ ಕುಸಿದು ಬೂಷ್ಟು ಹಿಡಿದವು. ಗೌತಮಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಚೀಲಕ್ಕೆ ಹಾಕಿದಳು. ನಿಮ್ಮ ತಪ್ಪಿಲ್ಲ ಎಂದು ಅವಳು ಹೇಳಲಿಲ್ಲ, ಕಾಶವ್ವ ಅದನ್ನು ಬಯಸಲೂ ಇಲ್ಲ. ಇಬ್ಬರೂ ಸೇರಿ ಗಾಜಿನ ಪೆಟ್ಟಿಗೆಯ ಮರಳು ಬಳಿದು ಖಾಲಿ ಮಾಡಿದರು. ಇನ್ನು ತೊಳೆಯುವುದಿತ್ತು, ಅದನ್ನು ಕಾಶವ್ವ ಒಬ್ಬಳೇ ತೊಳೆದಳು.

ಆ ಚಳಿಗಾಲವೆಲ್ಲ ಗೋಡೆಬುಡ ಬರಿದಾಗಿತ್ತು. ಈ ವರ್ಷ ಮೇ ತಿಂಗಳ ಒಂದು ಸೋಮವಾರ, ಮಿಂದು ಪೂಜೆ ಮುಗಿಸಿದ ಮೇಲೆ, ಕಾಲು ತಾನಾಗಿ ಮೆಟ್ಟಿಲಿಳಿಯಿತು. ಬಲಗೈಯಲ್ಲಿ ಸಕ್ಕರೆ ಇತ್ತು. ನೋಡಿದರೆ ಇಟ್ಟಿಗೆಯ ಸಂದಿನಿಂದ ಒಂದು ಇರುವೆ ಹೊರಬಂದಿತ್ತು. ಹಿಂದೆ ಇನ್ನೊಂದು. ಹಳೆಯ ಜಾಗದತ್ತಲೇ ಬರುತ್ತಿದ್ದವು.

ಕಾಶವ್ವ ಬಗ್ಗಿದಳು. “ಬ್ಯಾಡ,” ಎಂದಳು. “ನನ್ನ ಕೈಯಾಂದು ತಿನಬ್ಯಾಡ್ರಿ. ಬ್ಯಾರೆ ಕಡಿ ಹೋಗ್ರಿ.”

ಅವು ಕೇಳಲಿಲ್ಲ. ಉಫ್ ಎಂದು ಊದಿ ಅವನ್ನು ಸಂದಿಯತ್ತ ಹಿಂದಕ್ಕೆ ತಳ್ಳಿದಳು. ಅವು ಮತ್ತೆ ಬಂದವು, ಮತ್ತೆ ಊದಿದಳು. ಉಸಿರು ಸಾಲದಾದಾಗ ಎದ್ದು, ಸಕ್ಕರೆಯನ್ನು ಮುಷ್ಟಿಯಲ್ಲೇ ಬಿಗಿಹಿಡಿದು ಮೆಟ್ಟಿಲು ಹತ್ತಿದಳು.