ಕಿಟಕಿಗೆ ಅಂಟಿಸಿದ ದಂಡು

ಮೊನ್ನೆ ನೀವು ಫೋನಿನಲ್ಲಿ ಐನೂರು ವರ್ಷದ ಹಿಂದಿನ ಪರದೇಶದ ಚಿತ್ರವೊಂದನ್ನು ತೋರಿಸಿ, "ಅಜ್ಜಿ, ಎಷ್ಟೊಂದು ಗುಡಾರ ನೋಡು!" ಎಂದಾಗ, ಹಾಲು ಉಕ್ಕುತ್ತದೆಂದು ಹೇಳಿ ಒಳಗೆ ಎದ್ದು ಹೋದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಎದುರಿಗೆ ಕೂತು ಹೇಳುವುದು ನನ್ನಿಂದಾಗದು ಮಕ್ಕಳೇ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಬರೆಯುತ್ತೇನೆ.

ಅಂಥ ಚಿತ್ರಗಳು ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಎರಡಿದ್ದವು. ಡ್ರಾಯಿಂಗ್ ಮೇಷ್ಟ್ರಾಗಿದ್ದ ನಿಮ್ಮ ತಾತ ಹಳೇ ಪುಸ್ತಕದಂಗಡಿಯಿಂದ ತಂದಿದ್ದರು. "ತಾಮ್ರದ ತಗಡಿನ ಮೇಲೆ ಗೀರಿ, ಮಸಿ ತುಂಬಿ ಅಚ್ಚೊತ್ತೋದು ಕಣೇ" ಎನ್ನುತ್ತಿದ್ದರು. ನನಗೆ ಕಂಡದ್ದು ದಪ್ಪ ದಪ್ಪ ಕುದುರೆಗಳ ಹಿಂಭಾಗ ಮಾತ್ರ.

ಎಪ್ಪತ್ತೊಂದರ ಯುದ್ಧ ಬಂತು. ತಾತನ ತಮ್ಮ ನಂಜುಂಡ ಸೈನ್ಯದಲ್ಲಿದ್ದ. ತಿಂಗಳಿಂದ ಅವನ ಕಾಗದವಿರಲಿಲ್ಲ. ತಾತ ದಿನಾ ಸಂಜೆ ಆ ಎರಡರಲ್ಲಿ ದಂಡಿನ ಗುಡಾರಗಳಿದ್ದ ಚಿತ್ರವನ್ನು ನಮ್ಮತ್ತೆಯ ಮುಂದೆ ಹಿಡಿಯುತ್ತಿದ್ದರು. ಅದರಲ್ಲೊಬ್ಬ ಸಿಪಾಯಿ ಪಾತ್ರೆ ಕಲಕುತ್ತಿದ್ದ.

"ನೋಡಮ್ಮ, ನಮ್ ನಂಜುಂಡಾನೂ ಹೀಗೇ ಅಡುಗೆ ಮಾಡ್ಕೊಂಡು ಕೂತಿರ್ತಾನೆ."

"ಸೌಟು ಹಿಡಿಯೋಕೇ ಬರಲ್ವಲ್ಲೋ ಅವನಿಗೆ!" ಎಂದು ಅತ್ತೆ ನಗುತ್ತಿದ್ದರು.

ಇನ್ನೊಂದು ಚಿತ್ರ ಕಾಳಗದ್ದು, ಕುದುರೆಗಳ ಕಾಲಡಿ ಹೆಣಗಳು. ಅದನ್ನು ತಾತ ಟ್ರಂಕಿನ ತಳದಲ್ಲಿ ಅಡಗಿಸಿದ್ದರು.

ಶತ್ರು ವಿಮಾನದ ಭಯಕ್ಕೆ, ಬೆಳಕು ಹೊರಗೆ ಕಾಣದಂತೆ ಕಿಟಕಿ ಗಾಜಿಗೆಲ್ಲ ಕಾಗದ ಅಂಟಿಸಬೇಕೆಂದಾಯಿತು. ತಾತ ಶಾಲೆಗೆ ಹೋದ ಮಧ್ಯಾಹ್ನ ಮೈದಾ ಅಂಟು ಕಾಯಿಸಿಕೊಂಡು ಕೂತೆ. ಪೇಪರು ಮುಗಿಯಿತು. ಟ್ರಂಕಿನ ತಳದಲ್ಲಿ ಬೋರಲಾಗಿದ್ದ ದಪ್ಪ ಹಾಳೆ ಕೈಗೆ ಸಿಕ್ಕಿತು. ಬಿಳಿ ಬೆನ್ನಿಗೆ ಅಂಟು ಬಳಿದು, ಅತ್ತೆಯ ಮಂಚದ ಪಕ್ಕದ ಕಿಟಕಿಗೆ ಒತ್ತಿದ ಮೇಲೆಯೇ ಅದೇನೆಂದು ನೋಡಿದ್ದು.

ಅತ್ತೆಯೂ ನೋಡಿದರು, ತುಂಬಾ ಹೊತ್ತು.

"ತಪ್ಪಾಯ್ತು ಅತ್ತೆ, ಕಿತ್ತುಬಿಡ್ತೀನಿ."

"ಕೀಳು. ಅವನು ಶಾಲೆಯಿಂದ ಬರೋಷ್ಟರಲ್ಲಿ ಕೀಳು. ಯುದ್ಧದಲ್ಲಿ ಏನಾಗುತ್ತೆ ಅಂತ ನಂಗೊತ್ತಿಲ್ವೇನೇ? ನನಗೆ ಧೈರ್ಯ ಹೇಳ್ತಾ ಹೇಳ್ತಾ ಅವನು ಧೈರ್ಯ ತಗೋತಾನೆ, ಅದಕ್ಕೆ ನಗ್ತೀನಿ. ನಂಗೆ ಗೊತ್ತು ಅಂತ ಅವನಿಗೆ ಹೇಳ್ಬೇಡ. ಆಣೆ ಮಾಡು."

ಆಣೆ ಮಾಡಿದೆ. ಇಬ್ಬರೂ ನೀರು ಹಚ್ಚಿ ಕೆರೆದೆವು. ಚೂರುಚೂರಾಗಿ ಬಂದದ್ದನ್ನು ಬಚ್ಚಲೊಲೆಗೆ ಹಾಕಿದೆವು.

ವಾರಕ್ಕೆ ತಂತಿ ಬಂತು. ನಂಜುಂಡ ಬರಲಿಲ್ಲ.

"ಅಮ್ಮನಿಗೆ ದಿನಾ ಸುಳ್ಳು ಹೇಳಿದೆ ಕಣೇ. ಮನಸ್ಸು ಗಟ್ಟಿ ಮಾಡ್ಕೊಳ್ಳೋಕೂ ಬಿಡ್ಲಿಲ್ಲ" ಎಂದು ತಾತ ಅತ್ತರು. ಆಮೇಲೂ, ಅತ್ತೆ ತೀರಿಕೊಂಡ ಮೇಲೂ, ಅದೇ ಮಾತು. ನಾನು ಸೆರಗಿನ ತುದಿ ಸುತ್ತುತ್ತಾ ಪಕ್ಕದಲ್ಲಿ ನಿಂತಿರುತ್ತಿದ್ದೆ. ಬಾಯಿಗೆ ಬಂದದ್ದು ಒಳಗೇ ಹೋಗುತ್ತಿತ್ತು. ಆಣೆ ಎಂದುಕೊಳ್ಳುತ್ತಿದ್ದೆ. ಈಗನ್ನಿಸುತ್ತದೆ, ಅರ್ಧ ಆಣೆ, ಅರ್ಧ ನನ್ನ ಸಂಕೋಚ. ಆ ನೋವನ್ನು ಹೊತ್ತುಕೊಂಡೇ ತಾತ ಹೋದರು.

ಬರೆದರೆ ಹಗುರಾಗುತ್ತದೆಂದು ಕೂತೆ. "ಅಮ್ಮನಿಗೆ ಎಲ್ಲ ಗೊತ್ತಿತ್ತು, ನಿಮ್ಮಿಂದ ಏನೂ ತಪ್ಪಾಗಲಿಲ್ಲ." ಇಷ್ಟೇ ಮಾತು. ತಾತನ ಮುಂದೆ ಆಡಲು ಒಂದು ನಿಮಿಷವೂ ಬೇಕಿರಲಿಲ್ಲ.